ಗಾಡಿ ತರಬೇಡಮ್ಮಾ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ನಿನ್ನ ಪತ್ರ ಬುಧವಾರವೇ ಬಂತು. ‘ಮುಂದಿನ ವಾರ ಶನಿವಾರ ಮಾವನ ಜೊತೆ ಗಾಡಿ ತರ್ತೀನಿ, ಬಟ್ಟೆಬರೆ ಕಟ್ಟಿಟ್ಕೊಂಡಿರು, ಇನ್ಮೇಲೆ ನೀನೇನೂ ಯೋಚನೆ ಮಾಡ್ಬೇಡ, ಎಲ್ಲಾ ನಾನು ನೋಡ್ಕೋತೀನಿ’ ಎಂದು ಬರೆದಿದ್ದೀಯ. ಓದಿದ ತಕ್ಷಣ ಏನು ಮಾಡಿದೆ ಗೊತ್ತೇ? ಎದ್ದು ಬಟ್ಟೆ ಕಟ್ಟಿದೆ. ಕಟ್ಟಿದ ಮೇಲೆ ಕೈಕಾಲು ನಡುಗತೊಡಗಿದವು. ಬಿಚ್ಚಿದೆ. ಅಂದಿನಿಂದ ಆ ಚೀಲ ತುಂಬುವುದು, ಬರಿದು ಮಾಡುವುದು, ಇದೇ ಆಗಿದೆ. ಈಗಲೂ ಅದು ಅರ್ಧ ತುಂಬಿ ಬಾಗಿಲ ಬಳಿ ಕೂತಿದೆ.

ನಿನಗೆ ಸಿಟ್ಟು ಬರುತ್ತದೆ, ಗೊತ್ತು. ಆರು ವರ್ಷ ಆ ಸಂಘದವರ ಮನೆಯಲ್ಲಿದ್ದು ಬಂದವಳಿಗೆ ಈಗಲಾದರೂ ಅಮ್ಮನ ಮನೆ ಬೇಡವೇ ಎನ್ನುತ್ತೀಯ. ತಾಳು, ಹೇಳುತ್ತೇನೆ. ಅಲ್ಲಿ ನಮ್ಮನ್ನು ಯಾರೂ ಕಟ್ಟಿಹಾಕಿರಲಿಲ್ಲ. ಸಂಘ ನಡೆಸುತ್ತಾ ಎಲ್ಲರಿಂದ ದೊಡ್ಡಕ್ಕ ಎನ್ನಿಸಿಕೊಂಡವಳು ಒಂದು ದಿನವೂ ದನಿ ಏರಿಸಿದವಳಲ್ಲ. ತಲೆ ಸವರುತ್ತಾ, ‘ನೀನ್ಯಾಕೆ ಯೋಚನೆ ಮಾಡ್ತೀಯ, ನಾನಿಲ್ವಾ’ ಅನ್ನುತ್ತಿದ್ದಳು. ಯಾವ ಬಟ್ಟೆ, ಎಷ್ಟು ನಿದ್ದೆ, ಯಾರ ಜೊತೆ ಮಾತು, ಎಲ್ಲಾ ಅವಳೇ ನೋಡಿಕೊಂಡಳು. ‘ಬೇಡ’ ಅನ್ನುವಂತಿರಲಿಲ್ಲ. ಎಲ್ಲದಕ್ಕೂ ‘ಆಗಲಿ ಅಕ್ಕ’. ಚಿಕ್ಕಂದಿನಲ್ಲಿ ನೀನು ಮೊಂಡಿ ಮೊಂಡಿ ಎಂದು ಬೈಯುತ್ತಿದ್ದ ಮಗಳು ಬಾಲ ಮುದುರಿಕೊಂಡು ಕೂತಿದ್ದಳಮ್ಮಾ! ಈಗ ನಿನ್ನ ಪತ್ರದಲ್ಲೂ ಅದೇ ಮಾತು. ನಿನ್ನದು ಪ್ರೀತಿ, ಅವಳದು ಬೇರೆ, ನನಗೆ ಗೊತ್ತು. ಆದರೆ ನನ್ನ ಕೈಕಾಲಿಗೆ ಇನ್ನೂ ಗೊತ್ತಾಗಿಲ್ಲ.

ವಾರಕ್ಕೆರಡು ಸಲ ಆಪ್ತಸಮಾಲೋಚಕಿಯೊಬ್ಬರ ಬಳಿ ಹೋಗುತ್ತಿದ್ದೇನೆ. ಇಂಥ ಗುಂಪುಗಳಿಂದ, ಉಸಿರಾಡಲು ಬಿಡದ ಗಂಡಂದಿರಿಂದ ಬಿಡಿಸಿಕೊಂಡು ಬಂದವರಿಗೇ ಅವರ ಚಿಕಿತ್ಸೆ. ಮೊದಲ ದಿನ ನೀರು ಕೊಟ್ಟರು. ಕುಡಿದೆ. ಇನ್ನೂ ಬೇಕಾ ಎಂದರು. ಕುಡಿದೆ. ಮತ್ತೆ ಕೇಳಿದರು, ಮತ್ತೆ ಕುಡಿದೆ, ಹೊಟ್ಟೆ ಉಬ್ಬಿ ಮೂಗಿನವರೆಗೆ ನೀರು. ಆಮೇಲೆ ಅವರು ಜಗ್ಗನ್ನು ಕೆಳಗಿಟ್ಟು, ‘ಬೇಡ ಅನ್ನಬಹುದು ಕಣಮ್ಮಾ’ ಎಂದರು. ಗೊಳೋ ಎಂದು ಅತ್ತುಬಿಟ್ಟೆ. ನೀರು ಬೇಡ ಎನ್ನಲಾಗದೆ ಅಳುವ ಹೆಂಗಸನ್ನು ಎಲ್ಲಾದರೂ ಕಂಡಿದ್ದೀಯಾ?

ಅಂದಿನಿಂದ ದಿನಕ್ಕೊಂದು ‘ಬೇಡ’ ಹೇಳುವುದು ನನ್ನ ಹೋಂವರ್ಕು. ಕೆಲಸ ಮಾಡುವ ಲಾಂಡ್ರಿಯಲ್ಲಿ ಮೊದಲು ಕಾಲರಿಗೆ ಇಸ್ತ್ರಿಯೋ ತೋಳಿಗೋ ಎಂದು ಅಂಗಿ ಅಂಗಿಗೂ ಕೇಳುತ್ತಿದ್ದೆ. ಮಾಲೀಕರು, ‘ನನ್ನ ತಲೆ ತಿನ್ಬೇಡ ತಾಯಿ, ಅಂಗಿ ನಿನ್ನ ಕೈಯಲ್ಲೇ ಇದೆ’ ಎಂದು ಕೈಮುಗಿದಿದ್ದರು. ಮೊನ್ನೆ ಅಂಗಡಿ ಮುಚ್ಚುವ ಹೊತ್ತಿಗೆ ಅವರೇ ಇನ್ನೊಂದು ಗಂಟು ತಂದಾಗ, ‘ಇವತ್ತು ಬೇಡ’ ಎಂದೆ. ‘ಸರಿ, ನಾಳೆ ಮಾಡು’ ಎಂದು ಹೋಗಿಯೇಬಿಟ್ಟರು! ಆಕಾಶವೇನೂ ಕಳಚಿ ಬೀಳಲಿಲ್ಲ.

ನಿನ್ನ ಜೊತೆ ಬರಲೋ ಬೇಡವೋ ಎಂದು ಸಮಾಲೋಚಕಿಯನ್ನು ಕೇಳಿದೆ. ನಿಮಗೇನನ್ನಿಸುತ್ತೆ ಎಂದು ನನಗೇ ತಿರುಗಿಸಿದರು. ಮೈ ಉರಿದುಹೋಯಿತು. ಒಂದು ಮಾತು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಅವರು ಹೇಳಲಿಲ್ಲ, ನಾನೇ ಹೇಳಬೇಕಾಯಿತು. ಗಾಡಿ ತರಬೇಡಮ್ಮಾ. ನನ್ನನ್ನು ಕರೆದುಕೊಂಡು ಹೋಗಲು ಬರಬೇಡ.

ಇಷ್ಟು ಬರೆದು ಎದ್ದು ಕಿಟಕಿಯ ಬಳಿ ಹೋಗಿ ನಿಂತಿದ್ದೆ. ನೀನು ಮುನಿಸಿಕೊಂಡು ಬಾರದೇ ಹೋದರೆ? ಇಷ್ಟು ವರ್ಷ ಕಾದವಳಿಗೆ ಇದೇನಾ ಉತ್ತರ ಅಂದುಬಿಟ್ಟರೆ? ಭಯವಾಗುತ್ತಿದೆ. ನೀನು ನನಗೆ ಬೇಕು ಅಮ್ಮಾ. ಸುಮ್ಮನೆ ನೋಡಲು ಬಾ. ಶನಿವಾರವೇ ಬಾ. ಇರುವುದು ಒಂದೇ ಕುರ್ಚಿ, ಅದು ನಿನಗೆ. ಕಿಟಕಿಗೆ ನಾನೇ ಆರಿಸಿದ ನೀಲಿ ಪರದೆ ಹಾಕಿದ್ದೇನೆ. ಚೆನ್ನಾಗಿಲ್ಲದಿದ್ದರೆ ಬಾಯ್ತುಂಬ ಬೈಯಿ, ಬದಲಾಯಿಸಬೇಡ.

ನಿನ್ನ
ಮೊಂಡಿ

ತಾ.ಕ. (ಸೋಮವಾರ): ಅಲ್ಲಿಂದ ನಿನಗೆ ಬರುತ್ತಿದ್ದ ಪತ್ರಗಳನ್ನೆಲ್ಲ ದೊಡ್ಡಕ್ಕ ಓದಿ, ತಿದ್ದಿಸಿ, ಆಮೇಲೆ ಅಂಚೆಗೆ ಹಾಕಿಸುತ್ತಿದ್ದಳು. ‘ಇನ್ನು ನನಗೆ ತಾಯಿಯಿಲ್ಲ’ ಎಂದು ಬರೆಸಿದವಳೂ ಅವಳೇ. ಆ ಅಭ್ಯಾಸ ಎಲ್ಲಿ ಹೋಗಬೇಕು? ಇವತ್ತು ಬೆಳಿಗ್ಗೆ ಇದನ್ನೂ ಸಮಾಲೋಚಕಿಯ ಮುಂದೆ ಹಿಡಿದು, ಸರಿಯಿದೆಯಾ ನೋಡಿ ಎಂದೆ. ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಈ ಪತ್ರವನ್ನು ನಿನಗಿಂತ ಮೊದಲು ಯಾರೂ ಓದಿಲ್ಲ, ಅಮ್ಮಾ.