ಮೂರನೇ ಚರಣ

ನಾಕ್‌ಬೆಗ್, ಕ್ಲೇರ್ ಸೀಮೆ
ನವೆಂಬರ್ ಹದಿಮೂರು, ಬುಧವಾರ

ಅಪ್ಪಾ,

ಪ್ರೀತಿಯ ಅನ್ನೋದು ಇವತ್ತು ಬಾಯಿಗೆ ಬರ್ತಿಲ್ಲ, ಬೇಕಾದ್ರೆ ನೀನೇ ಸೇರಿಸ್ಕೋ. ಬೆನ್ನುನೋವು ಹೇಗಿದೆ? ಲೀಡ್ಸಲ್ಲೂ ಥಂಡಿ ಶುರುವಾಗಿರ್ಬೇಕು, ಏಣಿ ಹತ್ತೋ ಕೆಲಸಕ್ಕೆ ಹೋಗ್ಬೇಡ. ಅಮ್ಮಂಗೆ ಕೆಮ್ಮು ಬಿಡ್ತಾ? ನಾನು ಚೆನ್ನಾಗಿದೀನಿ. ಹೋಟೆಲ್ ಕೆಲಸ ಬಿಟ್ಟೆ, ಈಗ ಬೇಕರಿ. ಅದನ್ನೂ ಬಿಡ್ತೀನೇನೋ, ಕೂತಲ್ಲಿ ಕೂರೋಳಲ್ಲ ಅಂತ ನೀನೇ ಬೈತಿದ್ದೆಯಲ್ಲ. ಬರೆಯೋಕೆ ಹೋದ್ರೆ ಸಿಟ್ಟಿಗೆ ಕಾಗದ ಹರಿಯುತ್ತೆ, ಅದಕ್ಕೇ ಫೋನಿಗೆ ಹೇಳ್ತಿದೀನಿ. ಮಧ್ಯದಲ್ಲಿ ಆರಿಸದೇ ಪೂರ್ತಿ ಕೇಳು.

ನಿನ್ನೆ ಮಂಗಳವಾರ, ಪಬ್ಬಲ್ಲಿ ಪಿಟೀಲಿನವರು ಕೊಳಲಿನವರು ಎಲ್ಲ ಸೇರೋ ಕೂಟ. ನೀನಿದ್ದಾಗ ನಡೀತಿತ್ತಲ್ಲ, ಅದೇ. ಈ ಊರಿಗೆ ಬಂದಾಗಿಂದ ನಾನು ಮೂಲೇಲಿ ಕೂತು ಬೇರೆಯವರ ಹಿಂದೆ ಪಿಟೀಲು ನುಡಿಸ್ಕೊಂಡು ಹೋಗ್ತಿದ್ದೆ, ಯಾರೂ ಮಟ್ಟು ಎತ್ತು ಅನ್ನದೇ ನಾವಾಗೇ ಎತ್ತಬಾರದು ನೋಡು. ನಿನ್ನೆ ಕೂಟಕ್ಕೇ ಹಿರಿಯ ಆ ಡಿನ್ನಿ ನನ್ನ ಕಡೆ ತಿರುಗಿ, ಮ್ಯಾಲಕಿಯ ಮಗಳೇ, ನಿಮ್ಮನೇದೊಂದು ಎತ್ತು ಅಂದ. ಅಜ್ಜ ಕಟ್ಟಿದ ಮಟ್ಟು ಎತ್ತಿದೆ, ನೀನು ಕಲಿಸಿದ್ದು. ನಾಲ್ಕು ಸ್ವರ ಆಗಿಲ್ಲ, ಎಲ್ಲರೂ ವಾದ್ಯ ತೊಡೆ ಮೇಲಿಟ್ಟು ಸುಮ್ಮನಾದ್ರು. ಮನೆತನದ ಮಟ್ಟು, ಆ ಮನೆಯವಳೇ ನುಡಿಸ್ಲಿ ಅಂತ ಬಿಟ್ಟುಕೊಟ್ರು. ನನಗೋ ಹೆಮ್ಮೆ. ಮೊದಲನೇ ಚರಣ ಆಯ್ತು, ಎರಡನೇದಾಯ್ತು, ಮತ್ತೆ ಮೊದಲನೇದಕ್ಕೆ ವಾಪಸ್ ಬಂದೆ. ತಲೆ ಎತ್ತಿ ನೋಡ್ತೀನಿ, ಒಬ್ಬೊಬ್ಬರೂ ತಮ್ಮ ತಮ್ಮ ಲೋಟದೊಳಗೆ ನೋಡ್ಕೊಂಡು ಕೂತಿದಾರೆ.

"ಗೋಡೆ ಕಟ್ಟಿದೆ, ಬಾಗಿಲೂ ಇಟ್ಟೆ," ಅಂದ ಡಿನ್ನಿ. "ಸೂರು ಎಲ್ಲಮ್ಮಾ?"

ಹಿಂದಿನ ಬೆಂಚಲ್ಲಿ ಯಾರೋ ಕಿಸಕ್ಕಂದ್ರು. ಕಾರಲ್ಲಿ ಮನೆಗೆ ಬರ್ತಾ ನಿನ್ನಕ್ಕ, ಅಟ್ರಾಕ್ಟಾ ಅತ್ತೆ, ಬಾಯಿ ಬಿಟ್ಲು. ಅದು ಮೂರು ಚರಣದ್ದಂತೆ. ಒಂದು ಚರಣ ಕೈಗೆ ಕೂರೋ ತನಕ ಅಜ್ಜ ಮುಂದಿನದು ಕೊಡ್ತಿರ್ಲಿಲ್ಲವಂತೆ. ಎರಡನೇದು ಕೂತಿಲ್ಲ, ಇನ್ನೊಂದ್ಸಲ, ಇನ್ನೊಂದ್ಸಲ ಅಂತ ಒಂದು ಚಳಿಗಾಲ ಪೂರ್ತಿ ನಿನ್ನ ಅರೆದಿದ್ದಕ್ಕೆ, ನೀನು ಕಮಾನನ್ನ ಮಂಡಿಗೆ ಕೊಟ್ಟು ಮುರಿದು ಇಂಗ್ಲೆಂಡಿನ ಹಡಗು ಹತ್ತಿದೆಯಂತೆ. ಆಮೇಲೆ ಅಜ್ಜ ಅದನ್ನ ಯಾರ ಮುಂದೂ ನುಡಿಸಿಲ್ಲ. ಮೂರನೇದೊಂದಿತ್ತು ಅನ್ನೋದು ಬಿಟ್ರೆ ಡಿನ್ನಿಗೂ ಏನೂ ನೆನಪಿಲ್ಲ. ಊರಿಗೆಲ್ಲ ಗೊತ್ತಿರೋ ವಿಷಯ, ನನಗೊಬ್ಬಳಿಗೆ ಗೊತ್ತಿಲ್ಲ.

ದಿನಾ ಸಂಜೆ ಊಟಕ್ಕೆ ಮುಂಚೆ ಅಡುಗೆಮನೇಲಿ ಕೂರಿಸ್ತಿದ್ದೆ ನನ್ನ. ಜ್ವರ ಬಂದ್ರೂ ಬಿಡ್ತಿರ್ಲಿಲ್ಲ. ಬೀದೀಲಿ ಹುಡುಗೀರು ಕರೀತಿದ್ರೂ ಬಿಡ್ತಿರ್ಲಿಲ್ಲ. ತಪ್ಪಿದ್ರೆ ಚಮಚ ತಗೊಂಡು ಮೇಜು ಕುಟ್ಟಿ, ಅರ್ಧ ಕಲಿಯೋದಕ್ಕಿಂತ ಕಲಿಯದೇ ಇರೋದು ಮೇಲು ಅಂತಿದ್ದೆ. ನೀನು ಅಂತಿದ್ದೆ ಅದನ್ನ. ಮೂರನೇದು ನನಗೂ ಬರಲ್ಲ ಮಗಳೇ ಅಂತ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಅಷ್ಟು ಜನರ ಮುಂದೆ ನಗೆಪಾಟಲಾಗಿದ್ದು ನಾನು, ನೀನಲ್ಲ.

ಇವತ್ತು ಬೇಕರಿ ಮುಗಿಸಿ ಸೀದಾ ಅಜ್ಜನ ಮುಂದೆ ಹೋಗಿ ಕೂತೆ. ಲಕ್ವ ಹೊಡೆದ ಮೇಲೆ ಎಡಗೈ ಮಡಿಲಲ್ಲೇ ಬಿದ್ದಿರುತ್ತೆ, ಆದ್ರೆ ಡಿಡಲ್ ಡಿಡಲ್ ಅಂತ ಬಾಯಲ್ಲೇ ಮಟ್ಟು ಗುನುಗಿ ಕಲಿಸ್ತಾನೆ. ಮೂರನೇದು ಕೊಡು ಅಂದೆ. ಸರದಿ ಮ್ಯಾಲಕೀದು, ಅವನಾದ ಮೇಲೆ ನೀನು ಅಂದ. ಅವನು ಬಂದು ಕೇಳಿದ್ರೆ ಕೊಡ್ತಿದ್ದೆ ಅಂತ ಬೇರೆ.

"ನೀನು ಕರೆದಿದ್ರೆ ಬರ್ತಿದ್ದ ಅಜ್ಜ," ಅಂದೆ. "ಇಬ್ಬರೂ ಕೋಣಗಳು. ನಿಮ್ಮ ಹಟಕ್ಕೆ ಮಟ್ಟು ಮಣ್ಣು ಸೇರುತ್ತೆ."

ಅತ್ತೆ ಚಹಾ ಹಿಡ್ಕೊಂಡು ಬಾಗಿಲಲ್ಲೇ ನಿಂತುಬಿಟ್ಲು. ಅಜ್ಜ ಕಿಟಕಿ ಕಡೆ ನೋಡ್ತಾ, ಎರಡನೇದು ನುಡಿಸು ಅಂದ. ಸಿಟ್ಟಲ್ಲಿ ಕುಯ್ದು ಹಾಕಿದೆ. ಇನ್ನೊಂದ್ಸಲ ಅಂದ. ಮತ್ತೆ ಇನ್ನೊಂದ್ಸಲ. ನಾನೂ ನಿನ್ನ ಮಗಳೇ ತಾನೆ, ಕಮಾನು ಮಂಡಿವರೆಗೂ ಬಂತು. ಮುರೀಲಿಲ್ಲ. ಕತ್ತಲಾಗೋ ತನಕ ನುಡಿಸ್ತಾನೇ ಇದ್ದೆ.

ಅಮ್ಮಂಗೆ ನನ್ನ ಮುತ್ತು ಕೊಡು. ಅತ್ತೆ ನಿನ್ನ ಕೇಳಿದ್ಲು ಅಂತ ಹೇಳು ಅಂದಿದಾಳೆ, ಬೈಗುಳಾನೂ ಸೇರಿಸಿ ಹೇಳು ಅಂದಿದಾಳೆ.

ಸಿಟ್ಟು ಇಳಿಯದೇ ಇರೋ ನಿನ್ನ ಮಗಳು,
ಬ್ರೋನಾ

ತಾ.ಕ.: ಆರಿಸ್ಬೇಡ, ಇನ್ನೂ ಇದೆ. ಅಜ್ಜನ ಎದೇಲಿ ನೀರು ತುಂಬಿದೆ. ಕ್ರಿಸ್‌ಮಸ್ ಕಾಣೋದು ಅನುಮಾನ ಅಂದಿದಾರೆ ಡಾಕ್ಟ್ರು. ಒಂದು ಸಾಲು ಗುನುಗೋಷ್ಟರಲ್ಲಿ ಏದುಸಿರು ಬಿಡ್ತಾನೆ. ನಾನು ಪಿಟೀಲನ್ನ ಪೆಟ್ಟಿಗೆಗೆ ಹಾಕ್ತಿದ್ದಾಗ ಕಣ್ಣು ಮುಚ್ಚಿಕೊಂಡೇ ಅಂದ: "ಇದು ಅವನ ಕೈ. ಎರಡನೇದು ಕೂತಿದೆ. ಮೂರನೇದಕ್ಕೆ ಬರಬಹುದು ಅಂತ ಹೇಳು ಅವನಿಗೆ." ಹೇಳಿದೀನಿ. ಫೋನಲ್ಲೇ ಗುನುಗಿಸು ಅಂತ ಕೇಳ್ಬೇಡ, ಅವನ ಬಾಯಿಗೆ ಫೋನ್ ಹಿಡಿಯಲ್ಲ ನಾನು. ಬಾ.