ಅಟ್ಟದಲ್ಲಿ ಒಣಗಿಸಿದ ಹಸಿರು ಪುಡಿ

ಹಂದನಕೆರೆ
೧೫ ಫೆಬ್ರವರಿ ೨೦೦೨

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಅಕ್ಕ, ಮಗು ಚೆನ್ನಾಗಿದ್ದಾರೆ ತಾನೇ? ಬಾಣಂತಿ ನೀರಿನ ಹಂಡೆಯನ್ನು ನೀನೊಬ್ಬಳೇ ಎತ್ತಲು ಹೋಗಬೇಡ, ಭಾವನನ್ನು ಕರೆ. ಅಪ್ಪ ಚೆನ್ನಾಗಿದ್ದಾರೆ. ನಾನು ಚೆನ್ನಾಗಿಲ್ಲ.

‘ಹಸಿ ಸಗಣಿ ಇದ್ದಂಗೈತೆ ಕಣೇ’ ಎಂದು ನಗುತ್ತಿದ್ದೆಯಲ್ಲ, ಆ ಹಸಿರು ಪುಡಿ ನನ್ನನ್ನು ಮುಳುಗಿಸಿತು. ಐಸ್‌ಕ್ಯಾಂಡಿಯವನಿಂದ ಐಸ್ ತಂದು, ಅದರಲ್ಲಿ ಬೀಕರ್ ಇಟ್ಟು, ಅನಿಲಿನ್ ಜೊತೆ ಟೈಟಾನಿಯಂ ಆಕ್ಸೈಡ್ ಬೆರೆಸಿ ಹನಿಹನಿಯಾಗಿ ಕೆಮಿಕಲ್ ಬಿಟ್ಟು ಮಾಡುವ ಪುಡಿ ಅದು. ಪ್ಲಾಸ್ಟಿಕ್ಕಿನ ಜಾತಿಯದಾದರೂ ಕರೆಂಟು ಹರಿಸುತ್ತದೆ. ಕಾಲೇಜಿನಲ್ಲಿ ಕರೆಂಟಿಲ್ಲದೆ ಓವನ್ ನಡೆಯುವುದಿಲ್ಲವೆಂದು, ಕೊಬ್ಬರಿಗೆ ಕಾಯಿ ಹಾಕಿರುವ ನಮ್ಮ ಅಟ್ಟದಲ್ಲೇ ಒಣಗಿಸುತ್ತಿದ್ದೆ. ನೀನಿದ್ದಾಗ ಮಾಡಿದ್ದು ಚಿನ್ನದಂಥ ಫಲಿತಾಂಶ ಕೊಟ್ಟಿತು. ನೀನು ಹೋದಮೇಲೆ ಮಾಡಿದ್ದೆಲ್ಲ ನೀಲಿಗೆ ತಿರುಗಿತು. ಪುಡಿಯನ್ನು ಬಿಲ್ಲೆಯಾಗಿ ಒತ್ತಿ ಅಳೆದರೆ ಕರೆಂಟೇ ಹರಿಯುವುದಿಲ್ಲ. ಕಾರಣ ಹೋದ ವಾರ ಹೊಳೆಯಿತು. ಕೆಂಚಪ್ಪನ ಕರುವನ್ನು ಚಿರತೆ ಹೊತ್ತೊಯ್ದ ಮೇಲೆ ಅಪ್ಪ ಹಿತ್ತಿಲ ದನಗಳನ್ನೆಲ್ಲ ಅಟ್ಟದ ಕೆಳಗೇ ಕಟ್ಟುತ್ತಿದ್ದಾರೆ. ಗಂಜಲದ ಅಮೋನಿಯಾ ಮೇಲೇರಿ ಪುಡಿಯ ಜೀವ ತೆಗೆದಿದೆ. ಕೆಮಿಸ್ಟ್ರಿ ಪಾಠ ಮಾಡುವ ನಾನು ಮೂಗು ಮುಚ್ಚಿಕೊಂಡು ಏಣಿ ಹತ್ತುತ್ತಿದ್ದೆ, ಅಷ್ಟೆ. ಆಸಿಡ್‌ನಲ್ಲಿ ಮತ್ತೆ ಅದ್ದಿ ನೋಡಿದೆ. ಹಸಿರು ಬಂತು, ಮೊದಲಿನ ಅಂಕಿ ಬರಲಿಲ್ಲ.

ಒಂದೇ ಅಂಕಿ ಮೂರು ಸಲ ಬಂದರಷ್ಟೇ ಪ್ರಬಂಧದಲ್ಲಿ ಬರೆಯಬಹುದು. ಹೊಸದಾಗಿ ಮಾಡೋಣವೆಂದರೆ ಅನಿಲಿನ್ ಮುಗಿದಿದೆ. ಬೆಂಗಳೂರಿನಿಂದ ಬರುವುದು ಮುಂದಿನ ತಿಂಗಳು. ನನ್ನ ಪಿಎಚ್.ಡಿ. ನೋಂದಣಿ ಈ ತಿಂಗಳಿಗೇ ಮುಗಿಯುತ್ತದೆ. ಗೈಡ್ ಶಂಭುಲಿಂಗಯ್ಯ ಮೇಷ್ಟ್ರು ಕಾಲಾವಕಾಶ ಕೇಳಲು ಒಪ್ಪಲಿಲ್ಲ. ‘ಮೊದಲ್ನೇ ಸಲ ಬಂದಿದ್ದೇ ಮೂರು ಸಲಾನೂ ಬಂತು ಅಂತ ಬರ್ಕೊಂಡ್ ಬಾಮ್ಮ. ಯಾರ್ ಕೇಳ್ತಾರೆ?’ ಎಂದರು. ಅಪ್ಪನ ಮುಂದೆ ಅತ್ತುಬಿಟ್ಟೆ. ‘ಮೇಷ್ಟ್ರು ಹೇಳ್ದಂಗೆ ಬರ್ದು ಮುಗಿಸ್ಬುಡು ಕಣವ್ವ’ ಎಂದು ದನಗಳಿಗೆ ಹುಲ್ಲು ಹಾಕಲು ಹೋದರು. ಊಟ ಸೇರುತ್ತಿಲ್ಲ ಅಮ್ಮಾ. ಬರೆಯದಿದ್ದರೆ ಇಷ್ಟು ವರ್ಷದ ದುಡಿಮೆ ಮಣ್ಣುಪಾಲು. ಬರೆದರೆ, ಲ್ಯಾಬಿನಲ್ಲಿ ಮಕ್ಕಳು ಪಕ್ಕದವರ ರೀಡಿಂಗ್ ನೋಡಿ ಬರೆದಾಗ ಯಾವ ಮುಖ ಇಟ್ಟುಕೊಂಡು ಬೈಯಲಿ? ನನಗೆ ಭಯವಾಗುತ್ತಿದೆ.

ಅಕ್ಕ, ಭಾವನಿಗೆ ನನ್ನ ನಮಸ್ಕಾರ ತಿಳಿಸು. ಮಗುವಿನ ಕೆನ್ನೆಗೊಂದು ಮುತ್ತು.

ನಿನ್ನ ಮಗಳು,
ಪವಿತ್ರ

ತಾ.ಕ.: ಬಸ್ಸಿನ ಹೊತ್ತಾಯಿತು. ಮೇಷ್ಟ್ರು ಹೇಳಿದ ಹಾಗೆ ಬರೆದೂ ಆಗಿದೆ ಅಮ್ಮಾ, ಬ್ಯಾಗಿನಲ್ಲಿದೆ. ಗುರುವಾರ ಮೇಷ್ಟ್ರಿಗೆ ಕೊಡಬೇಕು. ಬುಧವಾರ ಸಂಜೆ ಮಾಯಸಂದ್ರದಲ್ಲಿ ಅಕ್ಕನ ಮನೆ ಎದುರಿನ ಅಂಗಡಿಗೆ ಫೋನ್ ಮಾಡುತ್ತೇನೆ, ಬಂದು ನಿಂತಿರು. ಸಮಾಧಾನ ಹೇಳಬೇಡ. ‘ಹರ್ದಾಕು ಕಣೇ’ ಅಂದುಬಿಡು, ಸಾಕು. ಇಲ್ಲಿ ಆ ಮಾತು ಹೇಳುವವರು ಯಾರೂ ಇಲ್ಲ. ನೀನೂ ಕೊಡು ಅಂದರೆ ಕೊಟ್ಟೇಬಿಡುತ್ತೇನೆ.