ಅಮ್ಮನ ಮೊಬೈಲ್ ನಂಬರ್ ಕಡ್ಡಾಯ

ನಜ್ಮಾ ಅಕ್ಕಾ,

ಸಂಜೆ ಆಫೀಸು ಬಿಟ್ಟು ನಾವಿಬ್ಬರೂ ಫರೀದಾಬಾದ್ ಕಡೆಯ ಮೆಟ್ರೋ ಹತ್ತುತ್ತಿದ್ದುದು ನೆನಪಿದೆಯಾ? ಸೀಟು ಸಿಕ್ಕರೂ ನೀವು ಕೂರುತ್ತಿರಲಿಲ್ಲ. ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಮೊಬೈಲು. ಆ ದಿನ ನಾವು ವೆಬ್‌ಸೈಟಿಗೆ ಕಟ್ಟಿದ ಫಾರಂ ಅನ್ನು ಹೆಬ್ಬೆರಳಿನಲ್ಲೇ ತುಂಬಿ, ಸುರಂಗದಲ್ಲಿ ನೆಟ್‌ವರ್ಕ್ ಹೋದಾಗ ಬೇಕೆಂದೇ ಬಟನ್ ಒತ್ತುತ್ತಿದ್ದಿರಿ. ಲಜಪತ್ ನಗರದ ಹೊತ್ತಿಗೆ ರೈಲು ಬೆಳಕಿಗೆ ಬರುತ್ತಿತ್ತು. ಬರೆದದ್ದೆಲ್ಲ ಹಾಗೇ ಉಳಿದಿದ್ದರೆ ಫಾರಂ ಪಾಸು. ಒಂದು ಖಾನೆ ಅಳಿಸಿಹೋಗಿದ್ದರೂ ಅಲ್ಲೇ ನನಗೆ ದಾವಣಗೆರೆ ಭಾಷೆಯಲ್ಲಿ ಮಂಗಳಾರತಿ. “ಜನ ಬರ್ದಿದ್ದನ್ನ ಅಳಿಸಾಕೆ ನಾವ್ಯಾರೇ ರೂಪಾ? ತಪ್ಪಿದ್ರೆ ತಪ್ಪೈತಿ ಅಂತ ಹೇಳು. ಅವರು ಬರ್ದಿದ್ದನ್ನ ಮುಟ್ಟಬ್ಯಾಡ.”

ಆ ಪರೀಕ್ಷೆ ಈಗ ಬೇರೆ ಯಾರೂ ಮಾಡುವುದಿಲ್ಲ ಅಕ್ಕಾ. ನಾನು ಮಾಡುತ್ತೇನೆ, ದಿನವೂ ಫೇಲಾಗುತ್ತೇನೆ.

ನೀವು ಆಸ್ಪತ್ರೆ ಸೇರಿದ ವಾರ, ನಾವು ಫಾರಂ ಕಟ್ಟುವ ಫ್ರೇಮ್‌ವರ್ಕಿನ ಹೊಸ ಆವೃತ್ತಿಗೆ ಹೋಗೋಣ ಎಂದು ಮ್ಯಾನೇಜರ್ ಹೇಳಿದ್ದರಲ್ಲ? ಹೋದೆವು. ಫಾರಂಗಳ ಅರ್ಧ ಕೆಲಸ ಅದೇ ಮಾಡಿಕೊಳ್ಳುತ್ತದೆ ಎಂದರು. ಮಾಡಿಕೊಳ್ಳುತ್ತದೆ, ಉಳಿದರ್ಧವನ್ನು ಕೆಡಿಸುತ್ತದೆ. ಬಟನ್ ಒತ್ತಿದ ಮೇಲೆ ಸರ್ವರ್ “ಇಲ್ಲಿ ತಪ್ಪಿದೆ” ಎಂದು ಹೇಳಿ ಕಳಿಸಿದರೂ, ಕೆಲಸ ಮುಗಿಯಿತೆಂದುಕೊಂಡು ಇದು ಎಲ್ಲ ಖಾನೆಗಳನ್ನೂ ಒರೆಸಿಬಿಡುತ್ತದೆ. ಹೆಸರು, ವಿಳಾಸ, ಓದು, ಎಲ್ಲ. ಕೆಂಪು ಅಕ್ಷರದ ತಪ್ಪೊಂದು ಮಾತ್ರ ಉಳಿಯುತ್ತದೆ. ನಾನು ಹೆಸರನ್ನು ಉಳಿಸಿಕೊಂಡರೆ ರಾಜ್ಯದ ಆಯ್ಕೆ ಹೋಯಿತು. ಅದನ್ನು ಹಿಡಿದರೆ ಫೋಟೋ ಹೋಯಿತು. ಒಂದು ಕಡೆ ಹೊಲಿದರೆ ಇನ್ನೊಂದು ಕಡೆ ಹರಿಯುವ ಹಳೇ ಬಟ್ಟೆ. ನಿಮ್ಮನ್ನು ಕೇಳೋಣ ಎಂದು ಎಷ್ಟು ಸಲ ನಿಮ್ಮ ಕುರ್ಚಿಯ ಕಡೆ ತಿರುಗಿದ್ದೇನೋ. ಅಲ್ಲೀಗ ಪ್ರಿಂಟರ್ ಇಟ್ಟಿದ್ದಾರೆ.

ನಿಮ್ಮ ಕಾಲದಲ್ಲಿ ಒಂದು ಖಾನೆಯನ್ನು ಕಡ್ಡಾಯ ಮಾಡಬೇಕಾದರೆ ದೊಡ್ಡ ಜಗಳವೇ ಆಗುತ್ತಿತ್ತು. “ಇಲ್ದೋರು ಏನ್ ಬರೀಬೇಕು?” ಎಂದು ನೀವು ಕೇಳುತ್ತಿದ್ದಿರಿ, ಉತ್ತರ ಸಿಗುವವರೆಗೂ ಬಿಡುತ್ತಿರಲಿಲ್ಲ. ಈಗ ಹುಡುಗಿಯರ ಹಾಸ್ಟೆಲ್ ನಡೆಸುವವರಿಗೆ ಫಾರಂ ಮಾಡುತ್ತಿದ್ದೇವೆ. ಅದರಲ್ಲಿ ತಂದೆಯ ನಂಬರ್ ಬೇಕು, ತಾಯಿಯ ನಂಬರ್ ಬೇಕು, ಎರಡೂ ಒಂದೇ ಆಗಿರಬಾರದು, ತಾಯಿಯ ನಂಬರಿಗೆ ಒಟಿಪಿ ಹೋಗುತ್ತದೆ. ನಾನು “ತಾಯಿ ಇಲ್ಲ” ಎಂದು ಗುರುತು ಹಾಕಲು ಒಂದು ಬಾಕ್ಸ್ ಮಾಡಿದೆ. ಗುರುತು ಹಾಕಿದರೆ ಪರದೆ ಒಪ್ಪುತ್ತದೆ, ಸರ್ವರ್ ಒಪ್ಪುವುದಿಲ್ಲ, ಆಮೇಲೆ ಆ ಗುರುತಿನ ಸಮೇತ ಎಲ್ಲವೂ ಅಳಿಸಿಹೋಗುತ್ತದೆ. ಇನ್ನೆರಡು ದಿನ ಕೊಡಿ ಎಂದು ಮ್ಯಾನೇಜರನ್ನು ಬೇಡಿದೆ. ಅವರು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. “ಅರೇ ರೂಪಾಜೀ, ಐಸೇ ಕೇಸ್ ಕಿತನೇ ಹೋಂಗೇ? ಹಟಾ ದೋ ವೋ ಬಾಕ್ಸ್. ಚಲೋ, ಲೈವ್ ಕರೋ.”

ಅಂಥ ಕೇಸು ಎಷ್ಟಿರುತ್ತವೆ? ನನಗೆ ಗೊತ್ತಿದ್ದದ್ದು ಒಂದೇ. ಅದನ್ನು ಹೇಳದೆ, ಆ ಬಾಕ್ಸನ್ನು ಕಿತ್ತುಹಾಕಿ ಫಾರಂ ಅನ್ನು ಜನರ ಬಳಕೆಗೆ ಬಿಟ್ಟೆ.

ಮಗಳು ಝೋಯಾ ಹನ್ನೆರಡನೇ ತರಗತಿ ಮುಗಿಸಿ ಎಲ್ಲಿಗೆ ಹೋಗುತ್ತಾಳೋ ಎಂದು ಆಸ್ಪತ್ರೆಯ ಮಂಚದ ಮೇಲೂ ನೀವು ಕೇಳುತ್ತಿದ್ದಿರಿ. ಅವಳಿಗೆ ಕಾಲೇಜು ಸಿಕ್ಕಿದೆ ಅಕ್ಕಾ. ದಿನಾ ಫರೀದಾಬಾದಿನಿಂದ ಓಡಾಡುವುದು ಕಷ್ಟವೆಂದು ಕಾಲೇಜಿನ ಹತ್ತಿರ ಮುನಿರ್ಕಾದಲ್ಲಿ ಹಾಸ್ಟೆಲ್ ಹುಡುಕಿದಳು. ಅದು ಇದೇ ಹಾಸ್ಟೆಲ್, ಇದೇ ಫಾರಂ. ಮೊದಲು ಬಂದವರಿಗೆ ಕೋಣೆ. ಭಾನುವಾರ ಬೆಳಿಗ್ಗೆ ಈ ಚಿಕ್ಕಮ್ಮನಿಗೆ ಫೋನ್ ಮಾಡಿ ಅಳುತ್ತಿದ್ದಳು. “ಖಾಲಾ, ಸಬ್ ಉಡ್ ಗಯಾ, ಎಲ್ಲಾ ಅಳಿಸಿಹೋಯ್ತು. ಅಮ್ಮನ ನಂಬರ್ ಹಾಕ್ಲಿಲ್ಲ ಅಂದ್ರೆ ಪೂರಾ ಫಾರ್ಮ್ ಉಡ್ ಜಾತಾ ಹೈ. ಮೈಂ ಕ್ಯಾ ಗಲತ್ ಕರ್ ರಹೀ ಹೂಂ?”

ನೀನೇನೂ ತಪ್ಪು ಮಾಡಿಲ್ಲ ಕಂದ ಎಂದು ಹೇಳಿ ಆಟೋ ಹಿಡಿದು ನಿಮ್ಮ ಮನೆಗೆ ಹೋದೆ. ಇಮ್ತಿಯಾಜ್ ಭಾವ ಚಹಾ ಮಾಡಿ ತಂದಿಟ್ಟು ಬಾಲ್ಕನಿಗೆ ಹೋದರು. ನಾನು ಬರೆದ ಫಾರಂ ನಿಮ್ಮ ಮಗಳ ಮುಂದೆ ಕೆಂಪಗೆ ಕೂತಿತ್ತು. “ನನ್ನ ನಂಬರ್ ಹಾಕು” ಎಂದೆ. ಝೋಯಾ ಕಣ್ಣೊರೆಸಿಕೊಂಡು ತಲೆಯಾಡಿಸಿದಳು. “ನಹೀಂ ಖಾಲಾ. ಅಮ್ಮಂದೇ ಕೇಳ್ತಾ ಇದೆ ಅಲ್ವಾ?” ಎಂದವಳೇ ಎಲ್ಲೂ ನೋಡದೆ, ನಿಲ್ಲದೆ ನಿಮ್ಮ ನಂಬರ್ ಹಾಕಿದಳು.

ಒಳಗಿನ ಕೋಣೆಯಲ್ಲಿ ನಿಮ್ಮ ಫೋನ್ ಸದ್ದು ಮಾಡಿತು.

ಭಾವ ಅದನ್ನು ಇನ್ನೂ ರೀಚಾರ್ಜ್ ಮಾಡಿಸುತ್ತಿದ್ದಾರೆ, ಚಾರ್ಜಿಗೆ ಹಾಕಿಯೇ ಇಟ್ಟಿದ್ದಾರೆ. ನನಗೆ ಗೊತ್ತಿರಲಿಲ್ಲ. ಝೋಯಾ ಓಡಿ ಹೋಗಿ ಒಟಿಪಿ ಓದಿ ಬಂದು ತುಂಬಿದಳು. ಯಾವ ಖಾನೆಯೂ ಅಳಿಸಿಹೋಗಲಿಲ್ಲ. “ತಾಯಿಯ ನಂಬರ್ ಖಚಿತವಾಗಿದೆ” ಎಂದು ಹಸಿರು ಗುರುತು ಬಂತು. ನಿಮ್ಮನ್ನು ಮಣ್ಣು ಮಾಡಿ ಬಂದ ದಿನವೂ ನಾನು ಅಷ್ಟು ಅತ್ತಿರಲಿಲ್ಲ. ನೀವು ಇಲ್ಲ ಎಂದು ಹೇಳಲು ನಾನು ಕಟ್ಟಿದ ಫಾರಂನಲ್ಲಿ ಜಾಗವಿಲ್ಲ. ಇದೀರಿ ಎಂದು ಸುಳ್ಳು ಹೇಳಿದರೆ ಮಾತ್ರ ಅದು ನಂಬುತ್ತದೆ. ಇಷ್ಟು ವರ್ಷ ನಿಮ್ಮ ಪಕ್ಕದಲ್ಲಿ ಕೂತು ನಾನು ಕಲಿತದ್ದು ಇದಕ್ಕಾ?

ಸೋಮವಾರ ಮತ್ತೆ ಆ ಬಾಕ್ಸನ್ನು ಹಾಕಲು ಹೋದೆ. ಮತ್ತೆ ಎಲ್ಲ ಅಳಿಸಿಹೋಯಿತು. ಸರಿಯಾಗುತ್ತದೆ ಎಂದು ನಿಮಗೆ ಮಾತು ಕೊಡಲಾರೆ ಅಕ್ಕಾ. ನನಗೆ ಸಾಕಾಗಿದೆ. ಸಂಜೆ ಮೆಟ್ರೋದಲ್ಲಿ ಸೀಟು ಸಿಕ್ಕರೆ ಕೂತುಬಿಡುತ್ತೇನೆ.

ಇನ್ನೊಂದು ವಿಷಯ. ಹುಡುಗಿಯರು ಹಾಸ್ಟೆಲಿನ ಗೇಟು ದಾಟಿ ಒಳಗೆ ಬಂದ ಕೂಡಲೇ ಫಾರಂನಲ್ಲಿರುವ ತಾಯಿಯ ನಂಬರಿಗೆ ಒಂದು ಮೆಸೇಜ್ ಹೋಗುತ್ತದೆ. ಅದನ್ನೂ ನಾನೇ ಬರೆದದ್ದು. ಇವತ್ತು ಝೋಯಾ ಮುನಿರ್ಕಾಕ್ಕೆ ಹೋದಳು. ಸ್ವಲ್ಪ ಹೊತ್ತಿನ ಹಿಂದೆ ಭಾವ ಫೋನ್ ಮಾಡಿದ್ದರು. “ರೂಪಾ, ನಜ್ಮಾಳ ಫೋನಿಗೆ ಮೆಸೇಜ್ ಬಂದಿದೆ” ಎಂದು ಹೇಳಿ ಫೋನ್ ಇಟ್ಟುಬಿಟ್ಟರು.

ಅದು ನಿಮಗೆ ಬಂದ ಮೆಸೇಜು. ನಿಮಗೇ ಹೇಳಬೇಕಲ್ಲ.

ನಿಮ್ಮ ಮಗಳು ತಲುಪಿದ್ದಾಳೆ ಅಕ್ಕಾ.

ರೂಪಾ